ಹೆಬ್ಬೆರಳಿಗೆ ಸುಂಕವಿಲ್ಲ

ಸೋಮವಾರ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಕೈಗವಸು ಕಾರ್ಖಾನೆಯ ಮಾಲೀಕರು ಠಾಣೆಯ ಮೆಟ್ಟಿಲು ಹತ್ತಿದರು. ಮುಚ್ಚಿ ಎಂಟು ತಿಂಗಳಾದ ಕಾರ್ಖಾನೆಯಿಂದ ಒಂದು ಹೊಲಿಗೆ ಯಂತ್ರ ಕಳುವಾಗಿದೆ ಎಂಬುದು ಅವರ ದೂರು. ಸಮಯ ಬರೆದುಕೊಂಡವರು ಹೆಡ್ ಕಾನ್‌ಸ್ಟೆಬಲ್. ನಿಮಿಷ ತಪ್ಪದೆ ಗಂಟೆ ಬರೆದಿಡುವ ಚಟಕ್ಕೆ ಠಾಣೆಯವರು ಅವರಿಗೆ ಗಡಿಯಾರ ಎಂದೇ ಹೆಸರಿಟ್ಟಿದ್ದರು. ಮನೆಯಲ್ಲಿ ಹೆಂಡತಿಯೂ ಹಾಗೇ ಕರೆಯುತ್ತಾರಂತೆ.

“ಎಷ್ಟು ಯಂತ್ರ ಇದ್ವು?” ಇನ್ಸ್‌ಪೆಕ್ಟರ್ ಮೇಡಂ ಕೇಳಿದರು.

“ಇಪ್ಪತ್ತೆರಡು.”

“ಹೋಗಿದ್ದು?”

“ಒಂದೇ. ಅದೂ ಮೇಲಿನ ಭಾಗ ಮಾತ್ರ, ಮೇಜು ಅಲ್ಲೇ ಇದೆ. ಈ ಗುರುವಾರ ಗುಜರಿಯವನು ಬಂದು ಎಲ್ಲಾ ಹೊತ್ಕೊಂಡು ಹೋಗೋದಿತ್ತು.”

“ಬೀಗ ಒಡೆದಿದ್ದಾರಾ?”

“ಇಲ್ಲ. ಹಾಕಿದ ಹಾಗೇ ಇದೆ.”

“ಬೀಗದ ಕೈ ಎಲ್ಲಿಡ್ತೀರಿ?”

ಮಾಲೀಕರ ದನಿ ಸಣ್ಣಗಾಯಿತು. “ಮೀಟರ್ ಪೆಟ್ಟಿಗೆ ಹಿಂದೆ.”

“ಯಾರ್ಯಾರಿಗೆ ಗೊತ್ತು?”

“ಕೆಲಸಕ್ಕಿದ್ದ ಅರವತ್ತು ಜನಕ್ಕೂ.”

ಗಡಿಯಾರ ನಗು ನುಂಗಿಕೊಂಡು ಎಫ್‌ಐಆರ್ ಬರೆದರು. ಅರವತ್ತರಲ್ಲಿ ನಲವತ್ತು ಜನ ಈಗ ಈ ದೇಶದಲ್ಲೇ ಇಲ್ಲವೆಂದು ಮಾಲೀಕರು ತಿಳಿಸಿದರು. ಗಡಿಯಾಚೆಯ ಸರಕಾರ ಹೊರಗಿನಿಂದ ಬರುವ ಕೈಗವಸಿನ ಮೇಲೆ ಸುಂಕ ಏರಿಸಿತ್ತು. ಕೊಳ್ಳುವವರೆಲ್ಲ ಆ ಕಡೆಯವರೇ ಆದ್ದರಿಂದ ಕಾರ್ಖಾನೆ ಒಂದು ಮಧ್ಯಾಹ್ನ ದಿಢೀರನೆ ಬಾಗಿಲು ಹಾಕಿತು. ಹೊಲಿಯುವವರು ಗಡಿ ದಾಟಿ, ಅಲ್ಲಿ ಹೊಸದಾಗಿ ಎದ್ದ ಕಾರ್ಖಾನೆ ಸೇರಿದರು.

“ಕೈಗವಸು ದಾಟೋ ಹಾಗಿಲ್ಲ, ಹೊಲಿಯೋ ಕೈ ದಾಟಬಹುದು. ಇದ್ಯಾವ ನ್ಯಾಯ ಮೇಡಂ?” ಎಂದರು ಮಾಲೀಕರು. ಇದಕ್ಕೆ ಎಫ್‌ಐಆರ್‌ನಲ್ಲಿ ಜಾಗವಿರಲಿಲ್ಲ.

ಹನ್ನೊಂದೂ ಕಾಲಿಗೆ ಪಂಚನಾಮೆ ಶುರುವಾಯಿತು. ಉದ್ದನೆಯ ಕೋಣೆ, ಎರಡು ಸಾಲು ಯಂತ್ರ, ಎಲ್ಲದರ ಮೇಲೂ ಬೆರಳದ್ದುವಷ್ಟು ಧೂಳು. ಕಳ್ಳರ ಕೈಚಳಕ ಬೇಕಾದಷ್ಟು ಕಂಡಿದ್ದ ಇನ್ಸ್‌ಪೆಕ್ಟರ್ ಒಂದು ಯಂತ್ರದ ಮುಂದೆ ಬಗ್ಗಿದವರು ಹಾಗೇ ನಿಂತುಬಿಟ್ಟರು. ಸೂಜಿಯ ಪಕ್ಕ ಬಟ್ಟೆ ಒತ್ತಿಹಿಡಿಯುವ ಲೋಹದ ಪಾದದ ಕೆಳಗೆ ಮಡಿಸಿದ ಚರ್ಮದ ಚೂರೊಂದಿತ್ತು. ಪಕ್ಕದ್ದರಲ್ಲೂ ಇತ್ತು. ಇಪ್ಪತ್ತೊಂದರಲ್ಲೂ ಇತ್ತು.

“ಇದೇನು?”

“ಕೆಲಸ ಮುಗಿಸಿ ಏಳುವಾಗ ಹಾಗೆ ಇಡೋದು ನಮ್ಮ ಪದ್ಧತಿ. ಇಲ್ದಿದ್ರೆ ಲೋಹಕ್ಕೆ ಲೋಹ ತಾಗಿ ಬಟ್ಟೆ ಮುಂದೂಡೋ ಹಲ್ಲು ಸವೆಯುತ್ತೆ,” ಎಂದ ಮಾಲೀಕರು ತಾವೇ ಹುಬ್ಬುಗಂಟಿಕ್ಕಿದರು. “ಆದ್ರೆ ಮುಚ್ಚಿದ ದಿನ ಯಾರೂ ಇಟ್ಟಿರಲಿಲ್ಲ. ನೋಟಿಸ್ ಓದಿದ ತಕ್ಷಣ ಎಲ್ಲಾ ಎದ್ದು ಹೋದ್ರು.”

ಯಂತ್ರಗಳ ಮೇಲೆ ಧೂಳಿತ್ತು, ಚೂರುಗಳ ಮೇಲಿರಲಿಲ್ಲ. ಗಡಿಯಾರ ಒಂದನ್ನು ಮೂಸಿ ನೋಡಿದರು. ಹೊಸ ಚರ್ಮ.

“ಕದಿಯೋಕೆ ಬಂದವನು ಉಳಿದ ಯಂತ್ರಗಳನ್ನ ಮಲಗಿಸಿ, ಹೊದಿಸಿ ಹೋಗಿದ್ದಾನೆ,” ಎಂದರು ಇನ್ಸ್‌ಪೆಕ್ಟರ್. ಇಂಥ ಕಳ್ಳನನ್ನು ಕಂಡು ಅವರಿಗೆ ಕೋಪ ಬರುವ ಬದಲು ಒಂಥರಾ ಅಕ್ಕರೆಯೇ ಬಂತು.

ಊರಿಗೆ ಬಂದವಳು ನೀರಿಗೆ ಬಾರದಿರುವಳೇ? ಕೈಗವಸಿನ ತೆಳು ಚರ್ಮ ಮಾರುವ ಅಂಗಡಿ ಊರಲ್ಲಿ ಒಂದೇ. ಮಂಗಳವಾರ ಮೂರೂ ಹತ್ತಕ್ಕೆ ಅಂಗಡಿಯವನ ಹೇಳಿಕೆ ಪಡೆದರು.

“ಕಾರ್ಖಾನೆ ಮುಚ್ಚಿದ ಮೇಲೂ ಈ ಚರ್ಮ ಯಾರು ತಗೋತಾರೆ?”

“ಒಬ್ಬರೇ. ಹೆಬ್ಬೆರಳಮ್ಮ. ಎರಡು ತಿಂಗಳಿಂದ ಬರ್ತಿದ್ದಾರೆ.”

“ಅದೆಂಥ ಹೆಸರು?”

“ಕೈಗವಸಿನಲ್ಲಿ ಹೆಬ್ಬೆರಳು ಹೊಲಿಯೋದೇ ಕಷ್ಟ ಮೇಡಂ. ನಾಲ್ಕು ಬೆರಳು ಯಾರು ಬೇಕಾದ್ರೂ ಹೊಲೀತಾರೆ. ಹೆಬ್ಬೆರಳು ಅಂದ್ರೆ ಅವರೇ.”

“ಮನೆಯಲ್ಲಿ ಯಾರಿದ್ದಾರೆ?”

“ಒಬ್ಬರೇ. ಗಂಡ ಗಡಿಯಾಚೆ ಇಸ್ತ್ರಿ ಕೆಲಸಕ್ಕೆ ಹೋಗಿದ್ದಾರೆ.”

ಬುಧವಾರ ಹನ್ನೊಂದು ಇಪ್ಪತ್ತಕ್ಕೆ ಜೀಪು ಆಕೆಯ ಮನೆ ಮುಂದೆ ನಿಂತಾಗ ಒಳಗಿನಿಂದ ಯಂತ್ರದ ಸದ್ದು ಕೇಳುತ್ತಲೇ ಇತ್ತು. ಐವತ್ತು ದಾಟಿದ ಹೆಂಗಸು, ಪಕ್ಕದಲ್ಲಿ ಹೊಲಿದಿಟ್ಟ ಚರ್ಮದ ಹೆಬ್ಬೆರಳುಗಳ ರಾಶಿ. ಖಾಕಿ ಕಂಡು ಮುಖ ಬಿಳಿಚಿತು, ಕೈ ಮಾತ್ರ ನಿಲ್ಲಲಿಲ್ಲ.

“ಇದೊಂದು ಮುಗಿಸಿಬಿಡ್ತೀನಮ್ಮ. ಅರ್ಧಕ್ಕೆ ಬಿಟ್ರೆ ಚರ್ಮ ಹಾಳಾಗುತ್ತೆ.”

ಇನ್ಸ್‌ಪೆಕ್ಟರ್ ಕಾದರು. ಆಕೆ ದಾರ ಕತ್ತರಿಸಿ, ಚೂರೊಂದನ್ನು ಮಡಿಸಿ ಪಾದದ ಕೆಳಗಿಟ್ಟು, ಎದ್ದು ನಿಂತರು. ಗಡಿಯಾರ ಮೆಲ್ಲಗೆ ಕೆಮ್ಮಿದರು. ಆಗಲೇ ಆಕೆಗೆ ತಾನು ಮಾಡಿದ್ದು ತಿಳಿದದ್ದು.

“ಯಂತ್ರ ಯಾವಾಗ ತಂದ್ರಿ?”

“ಭಾನುವಾರ ಮಧ್ಯಾಹ್ನ. ತಳ್ಳುಗಾಡಿಯಲ್ಲಿ.”

“ಬರೀ ಹೆಬ್ಬೆರಳೇ ಯಾಕೆ ಹೊಲೀತಿದ್ದೀರಿ?”

“ಅಲ್ಲಿ ಹೋದವರಿಗೆ ಹೆಬ್ಬೆರಳು ಬರಲ್ಲ. ಪೂರ್ತಿ ಕೈಗವಸು ಕಳಿಸಿದ್ರೆ ಸುಂಕ. ಹೆಬ್ಬೆರಳು ಮಾತ್ರ ಕಳಿಸಿದ್ರೆ ಬರೀ ಚರ್ಮದ ತುಂಡು, ಸುಂಕ ಇಲ್ಲ. ಕಾಗದ ಪತ್ರ ಎಲ್ಲಾ ಸರಿಯಾಗಿದೆ, ನೋಡಿ.”

ಸರಕಾರ ಚಾಪೆ ಕೆಳಗೆ ತೂರಿದರೆ ಈ ಹೆಂಗಸು ರಂಗೋಲಿ ಕೆಳಗೆ ತೂರಿದ್ದರು. ಕಾಗದಗಳು ನಿಜಕ್ಕೂ ಸರಿಯಾಗಿದ್ದವು.

“ಮೊದಲು ಕೈಯಲ್ಲೇ ಹೊಲಿದು ಕಳಿಸ್ತಿದ್ದೆ. ಈಗ ವಾರಕ್ಕೆ ನಾನೂರು ಜೊತೆ ಕೇಳಿದ್ದಾರೆ. ಕೈಯಲ್ಲಿ ಎಲ್ಲಿ ಆಗುತ್ತೆ? ಒಂದು ಯಂತ್ರ ಕೊಡಿ ಅಂತ ಮಾಲೀಕರನ್ನ ಎರಡು ಸಲ ಕೇಳಿದೆ, ಗುಜರಿಯವನಿಗೆ ಮಾತು ಕೊಟ್ಟಾಗಿದೆ ಅಂದ್ರು.”

“ಅವಸರ ಏನಿತ್ತು?”

ಅಲ್ಲಿಯವರೆಗೆ ಪಟಪಟನೆ ಉತ್ತರಿಸಿದವರು ಈಗ ಸೆರಗಿನಲ್ಲಿ ಮುಖ ಒರೆಸಿಕೊಂಡರು. “ಇವತ್ತು ಸಂಜೆ ಐದರೊಳಗೆ ನಮ್ಮವರು ಅಲ್ಲಿ ಕೆಲಸದ ಕರಾರಿಗೆ ಸಹಿ ಹಾಕಬೇಕು. ಹಾಕಿದ್ರೆ ಮೂರು ವರ್ಷ ಬರೋ ಹಾಗಿಲ್ಲ. ಇಲ್ಲೇ ಇಬ್ಬರಿಗೂ ಕೆಲಸ ಇದೆ, ಬನ್ನಿ ಅನ್ನಬೇಕು ಅಂತಿದ್ದೆ. ಯಂತ್ರ ಎರಡು ದಿನ ಸರಿಯಾಗಿ ಓಡಲಿ, ಆಮೇಲೆ ಹೇಳೋಣ ಅಂತ ಸುಮ್ಮನಿದ್ದೆ.”

ಯಂತ್ರ ಜಪ್ತಿಯಾಯಿತು, ಬಂಧನವಾಯಿತು. ಬಂಧಿತರ ಹತ್ತಿರದವರಿಗೆ ವಿಷಯ ತಿಳಿಸುವುದು ನಿಯಮ. ಹನ್ನೆರಡೂ ಐದಕ್ಕೆ ಇನ್ಸ್‌ಪೆಕ್ಟರೇ ಗಡಿಯಾಚೆಗೆ ಫೋನ್ ಮಾಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆ ಕಡೆಯಿಂದ “ಆಯ್ತು” ಎಂಬ ಒಂದೇ ಮಾತು ಬಂತು, ಫೋನ್ ಇಟ್ಟಂತಾಯಿತು.

ನಾಲ್ಕು ಗಂಟೆಗೆ ಮಾಲೀಕರು ಠಾಣೆಗೆ ಬಂದು, ಮೇಜಿನ ಮೇಲಿದ್ದ ಹೆಬ್ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. “ನನ್ನ ತಲೆಗೆ ಇದು ಯಾಕೆ ಹೊಳೀಲಿಲ್ಲ?” ಎಂದು ಹಣೆ ಚಚ್ಚಿಕೊಂಡರು. “ಮೇಡಂ, ದೂರು ವಾಪಸ್ ತಗೊಳ್ಳಬಹುದಾ?”

“ದಾಖಲಾದ ಎಫ್‌ಐಆರ್ ಹರಿಯೋಕಾಗಲ್ಲ. ರಾಜಿ ಏನಿದ್ರೂ ನ್ಯಾಯಾಲಯದ ಮುಂದೆ.”

“ಹಾಗೇ ಆಗ್ಲಿ. ಗುಜರಿಯವನಿಗೆ ಮಾತ್ರ ಈಗ್ಲೇ ಬರಬೇಡ ಅಂತೀನಿ.”

ಐದೂ ಮೂವತ್ತೈದಕ್ಕೆ ಬಾಗಿಲಲ್ಲಿ ಒಬ್ಬರು ದೊಡ್ಡ ಚೀಲ ಇಳಿಸಿದರು. ಇಸ್ತ್ರಿಯ ಬಿಸಿಗೆ ಅಂಗೈ ಕೆಂಪಗೆ ಗಟ್ಟಿಯಾಗಿದ್ದ ಮನುಷ್ಯ. ಬೆಂಚಿನ ಮೇಲಿದ್ದ ಹೆಂಡತಿ ತಟ್ಟನೆ ಎದ್ದರು.

“ನಿಮಗೇನು ತಲೆ ಕೆಟ್ಟಿದೆಯಾ? ಸಹಿ ಹಾಕಿದ್ರಾ ಇಲ್ವಾ?”

“ಸಾಲಿನಲ್ಲಿ ನನ್ನ ಮುಂದೆ ಇಬ್ಬರೇ ಇದ್ರು. ಆಗ ಮೇಡಂ ಫೋನ್ ಬಂತು.”

“ಅಯ್ಯೋ! ಯಂತ್ರ ಜಪ್ತಿ ಆಯ್ತಲ್ಲ! ಇಲ್ಲಿ ಬಂದು ಏನು ಮಾಡ್ತೀರಿ?”

“ಸದ್ಯಕ್ಕೆ ಜಾಮೀನು ಕೊಡ್ತೀನಿ,” ಎಂದು ಆತ ಪಕ್ಕದಲ್ಲಿ ಕೂತರು. ಬೈಯುತ್ತಲೇ ಆಕೆ ಅವರ ತೋಳು ಹಿಡಿದುಕೊಂಡರು, ಬಿಡಲಿಲ್ಲ.

“ಕೃತ್ಯಕ್ಕೆ ಕಾರಣ ಅನ್ನೋ ಕಡೆ ಏನು ಬರೀಲಿ ಮೇಡಂ? ಸುಂಕ ಅನ್ನಲಾ?” ಗಡಿಯಾರ ಪಿಸುಗುಟ್ಟಿದರು.

ಇನ್ಸ್‌ಪೆಕ್ಟರ್ ಕಡತ ಎಳೆದುಕೊಂಡು ತಾವೇ ಬರೆದರು: ಗಂಡ ಮನೆಗೆ ಬರಲಿ ಎಂದು.