ಬ್ಯಾಡ್ಜಿಗೆ ಎದುರಾಡಿದ ರಕ್ತ

"ಸಹಿ ಹಾಕಲ್ಲ ಅಮ್ಮಾ. ಬೇಕಾದ್ರೆ ನನ್ನ ರಕ್ತ ತೆಗೆದು ನೋಡ್ಲಿ."

ನನ್ನ ಅತ್ತಿಗೆಯ ಮುಂದೆ ಹೀಗೆಂದು ಕುಳಿತವಳನ್ನು ಕಾರ್ಖಾನೆಯಲ್ಲಿ ಜಗಳಗಂಟಿ ಎಂದೇ ಕರೆಯುತ್ತಿದ್ದರಂತೆ. ಕೊಳವೆಗಳ ಬೆಸುಗೆಯಲ್ಲಿ ಬಿರುಕಿದೆಯೇ ಎಂದು ಪೆಟ್ಟಿಗೆಯೊಂದರಿಂದ ವಿಕಿರಣ ಹಾಯಿಸಿ ನೋಡುವುದು ಅವಳ ಕೆಲಸ. ಮೈಗೆ ಎಷ್ಟು ವಿಕಿರಣ ಬಿತ್ತೆಂದು ತಿಳಿಯಲು ಎಲ್ಲರೂ ಎದೆಗೆ ಫಿಲ್ಮ್ ಬ್ಯಾಡ್ಜ್ ಸಿಕ್ಕಿಸಿಕೊಳ್ಳುತ್ತಾರೆ; ವಿಕಿರಣ ಬಿದ್ದಷ್ಟೂ ಫಿಲ್ಮ್ ಕಪ್ಪಾಗುತ್ತದೆ. ಈ ಸಲ ಅವಳದು ಕಪ್ಪಿಟ್ಟಿತ್ತು. ನಿಯಮ ಮೀರಿದೆನೆಂದು ಸಹಿ ಹಾಕಿ ಕೆಲಸ ಬಿಡು ಎಂದು ಮಾಲೀಕರು ಪಟ್ಟು ಹಿಡಿದಿದ್ದರು.

ಅತ್ತಿಗೆ ಪತ್ತೇದಾರಿಕೆಗೆ ಇಳಿದರೆ ಅವರ ಚೀಲ ಹೊರುವವನು ಮೈದುನನಾದ ನಾನೇ. ಇಬ್ಬರೂ ಕಾರ್ಖಾನೆಗೆ ಹೋದೆವು. ಬ್ಯಾಡ್ಜುಗಳು ಬಾಗಿಲ ಪಕ್ಕದ ಮೊಳೆಗಳಲ್ಲಿ ತೂಗುತ್ತಿದ್ದವು; ಯಾರು ಬೇಕಾದರೂ ಯಾರದನ್ನಾದರೂ ತೆಗೆಯಬಹುದಿತ್ತು. ಅವಳೊಡನೆ ಮಾತು ಬಿಟ್ಟಿದ್ದ ಉಗ್ರಾಣದವನ ಮೇಲೆ ನನಗೆ ಗುಮಾನಿ. ಅವನೋ, ಮೇಲ್ವಿಚಾರಕರು ಒಂದು ದಿನ ವಾಂತಿ ಮಾಡಿಕೊಂಡು ಮನೆಗೆ ಹೋದದ್ದನ್ನೇ ದೊಡ್ಡ ಸುದ್ದಿ ಮಾಡಿ ಹೇಳಿದ. ಮೇಲ್ವಿಚಾರಕರ ಬೆರಳುಗಳು ಕೆಂಪಾಗಿದ್ದವು. ಬಿಸಿನೀರು ಬಿತ್ತು ಎಂದರು. ಅತ್ತಿಗೆ ಮೂವರ ರಕ್ತವನ್ನೂ ಪ್ರಯೋಗಾಲಯಕ್ಕೆ ಕಳಿಸಿದರು.

ಫಲಿತಾಂಶ ಬಂದ ದಿನ ಅತ್ತಿಗೆ ಎಲ್ಲರನ್ನೂ ಮಾಲೀಕರ ಕೋಣೆಯಲ್ಲಿ ಕೂರಿಸಿದರು.

"ಹಗೆಗೆ ಯಾರಾದ್ರೂ ಬ್ಯಾಡ್ಜನ್ನ ವಿಕಿರಣದ ಪೆಟ್ಟಿಗೆ ಪಕ್ಕ ಅಲ್ಲಾಡದ ಹಾಗೆ ಇಟ್ಟಿದ್ರೆ, ಬ್ಯಾಡ್ಜ್ ಒಳಗಿನ ತಗಡಿನ ನೆರಳು ಫಿಲ್ಮ್ ಮೇಲೆ ಚೊಕ್ಕವಾಗಿ ಬೀಳ್ಬೇಕಿತ್ತು. ಇಲ್ಲಿ ಕಲಸಿದೆ. ಅಂದ್ರೆ ಅದು ಓಡಾಡೋರ ಎದೆ ಮೇಲಿತ್ತು. ಯಾರ ಎದೆ?"

ಬಿಳಿ ರಕ್ತಕಣದೊಳಗಿನ ವರ್ಣತಂತು ಸೊಂಟದ ಹಾಗೆ ಒಂದು ಕಡೆ ಬಿಗಿದಿರುತ್ತದೆ, ವಿಕಿರಣ ತಗುಲಿದರೆ ತಂತುಗಳು ತುಂಡಾಗಿ ತಪ್ಪುತಪ್ಪಾಗಿ ಕೂಡಿಕೊಂಡು ಒಂದೇ ತಂತುವಿಗೆ ಎರಡು ಸೊಂಟ ಬರುತ್ತವೆ ಎಂದು ವಿವರಿಸಿದರು. ಜಗಳಗಂಟಿಯ ರಕ್ತದಲ್ಲಿ ಅಂಥವು ಸಿಗಲಿಲ್ಲ. ಉಗ್ರಾಣದವನದರಲ್ಲೂ ಇಲ್ಲ.

"ನಿಮ್ಮದರಲ್ಲಿ ತುಂಬಾ ಇವೆ," ಎಂದರು ಮೇಲ್ವಿಚಾರಕರಿಗೆ. "ವಾಂತಿ, ಬೆರಳು, ಎಲ್ಲಾ ಅದರಿಂದಲೇ. ನಿಮ್ಮ ಬ್ಯಾಡ್ಜ್ ಮಾತ್ರ ಶುದ್ಧ."

ಮೇಲ್ವಿಚಾರಕರು ಒಪ್ಪಿಕೊಂಡರು. ಪೆಟ್ಟಿಗೆಯ ಮುಚ್ಚಳ ಸಿಕ್ಕಿಕೊಂಡಿತ್ತಂತೆ, ಇವತ್ತೇ ಸರಿಯಾಗಬೇಕು ಎಂದು ಮಾಲೀಕರು ಅವಸರ ಮಾಡಿದ್ದರಂತೆ. ಮೇಲ್ವಿಚಾರಕರ ಮೈಗೆ ವರ್ಷಕ್ಕೆ ಇಷ್ಟೇ ವಿಕಿರಣ ಬೀಳಬಹುದೆಂಬ ಮಿತಿ ಮುಗಿಯುತ್ತ ಬಂದಿತ್ತು. ತಮ್ಮ ಬ್ಯಾಡ್ಜಿನಲ್ಲಿ ಇನ್ನಷ್ಟು ಬಿದ್ದರೆ ಒಳಗೆ ಬಿಡುವುದಿಲ್ಲವೆಂದು ಮೊಳೆಯಲ್ಲಿ ಕೈಗೆ ಸಿಕ್ಕ ಇವಳ ಬ್ಯಾಡ್ಜ್ ಹಾಕಿಕೊಂಡು ಹೋಗಿ, ಮುಚ್ಚಳವನ್ನು ಬರಿಗೈಯಲ್ಲೇ ಹೇಗೋ ಮುಚ್ಚಿ ಬಂದಿದ್ದರು.

ಮಾಲೀಕರು ಜಗಳಗಂಟಿಯ ಕಡೆ ತಿರುಗಿದರು. "ಆಯ್ತಮ್ಮ, ನಿನ್ನ ಕೆಲಸ ನಿನಗೇ. ಇದು ಈ ಕೋಣೇಲೇ ಮುಗೀಲಿ."

ಜಗಳಗಂಟಿ ಕುರ್ಚಿಯನ್ನು ಎಳೆದುಕೊಂಡು ಹೋಗಿ, ವಿಕಿರಣದ ಕೋಣೆಯ ಬಾಗಿಲಿಗೆ ಅಡ್ಡ ಹಾಕಿ ಕೂತಳು.

"ಮೊದ್ಲು ಮೇಲ್ವಿಚಾರಕರನ್ನ ಆಸ್ಪತ್ರೆಗೆ ಸೇರಿಸಿ. ಪೆಟ್ಟಿಗೆ ರಿಪೇರಿ ಆಗೋತನಕ ಒಬ್ಬರೂ ಒಳಗೆ ಹೋಗಲ್ಲ."

"ಏನಮ್ಮ ಮಾಡ್ತಿದೀಯ ನೀನು?" ಹಿಂದೆಯೇ ಬಂದ ಮಾಲೀಕರು ಕೇಳಿದರು.

"ಕೆಲಸ ವಾಪಸ್ ಕೊಟ್ರಲ್ಲ ಸಾರ್, ಅದನ್ನೇ ಮಾಡ್ತಿದೀನಿ."