ಅರ್ಜಿಯ ಮೊದಲನೇ ಸಾಲು

"ಎನ್ನಮ್ಮಾ, ಇಬ್ರದೂ ಒಂದೇ ಸೆಟ್ಟಾ?" ಎಂದು ಜೆರಾಕ್ಸ್ ಅಂಗಡಿಯ ಚಿನ್ನಸ್ವಾಮಿ ಕೇಳಿದಾಗ ನನ್ನ ಮೈಯೆಲ್ಲ ಉರಿಯಿತು.

ಹೊಸೂರು ಬಸ್ ಸ್ಟ್ಯಾಂಡ್ ಎದುರಿನ ಆ ಅಂಗಡಿಯ ಕೌಂಟರ್ ಮೇಲೆ ನನ್ನ ಸರ್ಟಿಫಿಕೇಟುಗಳ ಪಕ್ಕದಲ್ಲೇ ಯತಿರಾಜನ ಸರ್ಟಿಫಿಕೇಟುಗಳೂ ಇದ್ದವು. ಕ್ವಿಜ್, ಚರ್ಚಾಸ್ಪರ್ಧೆ, ರೆಡ್ ಕ್ರಾಸ್ ಶಿಬಿರ, ಎನ್ನೆಸ್ಸೆಸ್. ಹೆಸರು ಬೇರೆ, ಉಳಿದದ್ದೆಲ್ಲ ಒಂದೇ. ಆರನೇ ಕ್ಲಾಸಿನಿಂದ ಪ್ಲಸ್ ಟೂವರೆಗೆ ಎಲ್ಲಿಗೆ ಕಳಿಸಿದರೂ ನಮ್ಮಿಬ್ಬರನ್ನೇ ಜೋಡಿ ಮಾಡಿ ಕಳಿಸುತ್ತಿದ್ದರು.

"ಬೇರೆ ಬೇರೆ ಅಣ್ಣಾ. ನಂದು ಐದು," ಎಂದೆ.

"ಇವರ್ದು ನಾಲ್ಕು," ಎಂದು ಚಿನ್ನಸ್ವಾಮಿ ಎಣಿಸಿ ಹೇಳಿದ.

ಅವನ ಐದನೆಯದು, ವಿಜ್ಞಾನ ಪ್ರದರ್ಶನದ್ದು, ಅಲ್ಲಿರಲಿಲ್ಲ. ಅದಕ್ಕೆ ಕಟ್ಟು ಹಾಕಿಸಿ ಮನೆಯ ಗೋಡೆಗೆ ನೇತುಹಾಕಿದ್ದಾರೆಂದು ಕೇಳಿದ್ದೆ. ಮಹಾರಾಯ ಅದನ್ನು ಇನ್ನೆಲ್ಲೋ ಕಲರ್ ಜೆರಾಕ್ಸ್ ಮಾಡಿಸಿರಬೇಕು ಎಂದುಕೊಂಡೆ.

"ಇನ್ನೂ ಮಾತಾಡಲ್ವಾ?" ಯತಿರಾಜ ಮೆಲ್ಲಗೆ ಕೇಳಿದ.

"ಚಿನ್ನಸ್ವಾಮಿ ಅಣ್ಣಾ, ಹತ್ತು ರೂಪಾಯಿಗೆ ಚಿಲ್ಲರೆ ಇದೆಯಾ?" ಎಂದೆ ನಾನು.

ಯತಿರಾಜ ತಲೆ ಬಗ್ಗಿಸಿ ನಕ್ಕ. ಆ ಹುಡುಗನ ಕಣ್ರೆಪ್ಪೆ ಹುಡುಗಿಯರಿಗೆ ಹೊಟ್ಟೆಕಿಚ್ಚಾಗುವಷ್ಟು ಉದ್ದ. ತಪ್ಪು ಮಾಡಿದಾಗಲೆಲ್ಲ ಅದನ್ನು ಕೆಳಗಿಳಿಸಿ ನಿಲ್ಲುತ್ತಿದ್ದ, ನಾನೂ ಪ್ರತಿ ಸಲ ಕರಗುತ್ತಿದ್ದೆ. ಈ ಸಲ ಮಾತ್ರ ಕರಗಬಾರದೆಂದು ಒಂಬತ್ತು ತಿಂಗಳು ಹಟ ಹಿಡಿದಿದ್ದೆ.

ಅವನು ಮಾಡಿದ್ದು ಇಷ್ಟು. ಆಗಸ್ಟಿನಲ್ಲಿ, ಕೃಷ್ಣಗಿರಿಯ ವಿಜ್ಞಾನ ಪ್ರದರ್ಶನಕ್ಕೆ ನಾನೊಂದು ಉಪಾಯ ಹೂಡಿದ್ದೆ. ದೊಡ್ಡ ಮಡಕೆಯೊಳಗೆ ಸಣ್ಣ ಮಡಕೆ, ನಡುವೆ ಒದ್ದೆ ಮರಳು, ಮೇಲೆ ಗೋಣಿ. ಫ್ರಿಜ್ ಇಲ್ಲದೆ ಟೊಮೆಟೊ ಹನ್ನೊಂದು ದಿನ ಸುಕ್ಕಾಗಲಿಲ್ಲ. ಫ್ಯಾಕ್ಟರಿ ಕೆಲಸಕ್ಕೆಂದು ತುಮಕೂರಿನಿಂದ ಬಂದ ನಮಗೆ ಟೊಮೆಟೊ ತೋಟ ಎಲ್ಲಿಂದ ಬರಬೇಕು? ಅದಕ್ಕೇ ಕೆಲಮಂಗಲದ ಹತ್ತಿರದ ಯತಿರಾಜನ ಮನೆಯ ಜಗಲಿಯಲ್ಲಿ ಮಡಕೆ ಇಟ್ಟು, ಹನ್ನೊಂದು ದಿನವೂ ಬಸ್ಸಿನಲ್ಲಿ ಹೋಗಿ ಬಂದು, ಬಿಸಿಲು, ನೀರು, ಹಣ್ಣು ಎಲ್ಲವನ್ನೂ ನೋಡಿ ಬರೆದಿದ್ದೆ. "ಯಾರ ಐಡಿಯಾ ಇದು?" ಎಂದು ತೀರ್ಪುಗಾರರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಯತಿರಾಜ ಹೇಳಿಬಿಟ್ಟ, "ನಂದು ಸಾರ್. ಇವಳು ಚಾರ್ಟ್ ಬರೆದಳು."

ಚಾರ್ಟ್ ಬರೆದಳಂತೆ! ಮೊದಲ ಬಹುಮಾನದ ಸರ್ಟಿಫಿಕೇಟು ಇಬ್ಬರಿಗೂ ಬಂತು. ಪೇಪರಿನಲ್ಲಿ ಫೋಟೋ ಮಾತ್ರ ಅವನೊಬ್ಬನದೇ ಬಂತು.

ಈಗ ೨೦೦೫ರ ಮೇ ತಿಂಗಳು. ಬೆಂಗಳೂರಿನ ಒಂದು ಕಾಲೇಜು ಗಡಿಯಾಚೆಯ ಕನ್ನಡದ ಮಕ್ಕಳಿಗೆಂದು ಬಿಎಸ್ಸಿಯಲ್ಲಿ ಒಂದೇ ಒಂದು ಸೀಟು, ಜೊತೆಗೆ ಹಾಸ್ಟೆಲ್ ಕೊಡುತ್ತಿತ್ತು. ನಮ್ಮ ಸ್ಕೂಲಿನಿಂದ ಅರ್ಜಿ ಹಾಕಿದ್ದು ನಾವಿಬ್ಬರೇ. ಮಾರ್ಕಿನಲ್ಲೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ಫಾರಂನ ಕೊನೆಯ ಪುಟದಲ್ಲಿ ಐದು ಗೆರೆ ಎಳೆದು, ಪಠ್ಯೇತರ ಚಟುವಟಿಕೆಗಳನ್ನು ಮುಖ್ಯವಾದದ್ದು ಮೊದಲು ಬರುವಂತೆ ಬರೆಯಿರಿ ಎಂದಿದ್ದರು.

"ಮೊದಲ್ನೇ ಸಾಲು ಹುಷಾರಾಗಿ ಬರಿ ಸಹನಾ," ಎಂದಿದ್ದರು ನಮ್ಮ ವರಲಕ್ಷ್ಮಮ್ಮ ಟೀಚರ್. "ನೂರಾರು ಫಾರಂ ನೋಡೋರು ಕೆಳಗಿನ್ದೆಲ್ಲ ಓದಲ್ಲ. ಕೇಳಿದ್ರೆ ಅದ್ರ ಬಗ್ಗೇನೇ ಕೇಳ್ತಾರೆ."

ನಾನು ಪೆನ್ಸಿಲಿನಲ್ಲಿ ನಾಲ್ಕು ಸಲ ಬರೆದು ಅಳಿಸಿದೆ. ಅವನು ಜೊತೆಯಲ್ಲಿದ್ದ ಒಂದನ್ನೂ ಬರೆಯಬಾರದೆಂದು ಕೂತರೆ ಎಂಟನೇ ಕ್ಲಾಸಿನ ರಂಗೋಲಿಯ ಮೂರನೇ ಬಹುಮಾನ ಬಿಟ್ಟು ಬೇರೇನೂ ಉಳಿಯಲಿಲ್ಲ. ನನ್ನ ಏಳು ವರ್ಷದ ಬಾಳೆಲ್ಲ ಅವನೇ ತುಂಬಿಕೊಂಡಿದ್ದು ನೋಡಿ ಅಳುವೂ ಬಂತು, ಸಿಟ್ಟೂ ಬಂತು. ಕೊನೆಗೆ ಮೊದಲನೇ ಸಾಲಿನಲ್ಲಿ ಮಡಕೆಯನ್ನೇ ಬರೆದೆ. ಅವನೂ ಅದನ್ನೇ ಬರೆಯುತ್ತಾನೆ, ಗೊತ್ತು. ಬರೆಯಲಿ. ನನ್ನ ಹನ್ನೊಂದು ದಿನದ ನೋಟ್ ಪುಸ್ತಕ ಮೇಜಿನ ಮೇಲಿಟ್ಟು, ಎಲ್ಲರೆದುರು ಅವನ ಮಾನ ಕಳೆಯುತ್ತೇನೆ ಎಂದುಕೊಂಡು, ಅದನ್ನು ಬ್ಯಾಗಿಗೆ ಹಾಕಿಕೊಂಡೆ.

ಸಂದರ್ಶನದ ದಿನ ಒಂದೇ ಬಸ್ಸು ಸಿಕ್ಕಿತು. ನನ್ನ ಪಕ್ಕದ ಸೀಟು ಖಾಲಿ ಇತ್ತು. ಅವನು ಹತ್ತಿದ್ದನ್ನು ನೋಡಿ ಬ್ಯಾಗನ್ನು ಅದರ ಮೇಲಿಟ್ಟೆ.

"ಬ್ಯಾಗ್‌ಗೂ ಟಿಕೆಟ್ ತಗೊಂಡಿದ್ಯಾ?" ಎಂದ.

"ತಗೊಂಡಿದೀನಿ."

"ನನ್ ಪುಣ್ಯ. ಮಾತಾಡ್ಬುಟ್ಟೆ."

ನಾನು ನಾಲಿಗೆ ಕಚ್ಚಿಕೊಂಡು ಕಿಟಕಿಯ ಕಡೆ ತಿರುಗಿದೆ. ಅತ್ತಿಬೆಲೆ ದಾಟಿ ಬೆಂಗಳೂರು ಬರುವವರೆಗೂ ಅವನು ಕಂಬಿ ಹಿಡಿದು ನಿಂತೇ ಬಂದ.

ಮೊದಲು ನನ್ನನ್ನು ಕರೆದರು. ಒಳಗೆ ಇಬ್ಬರು ಗಂಡಸರ ನಡುವೆ ಬೆಳ್ಳಿಕೂದಲಿನ ಮೇಡಂ ಒಬ್ಬರು ಕೂತಿದ್ದರು. ಮಡಕೆಯ ಬಗ್ಗೆ ಅವರು ಕೇಳಿದ್ದಕ್ಕೆಲ್ಲ ಪಟಪಟ ಉತ್ತರ ಕೊಟ್ಟೆ. ಅಷ್ಟಕ್ಕೆ ಎದ್ದು ಬರಬಹುದಿತ್ತು. ನನ್ನ ಹಾಳು ಸೇಡು ಬಿಡಬೇಕಲ್ಲ.

"ಮೇಡಂ, ಹೊರಗಡೆ ಒಬ್ಬ ಇದಾನೆ. ಅವನೂ ಇದು ತನ್ನದೇ ಅಂತ ಬರೆದಿರ್ತಾನೆ. ನಂಬಬೇಡಿ, ಅವನು ಸುಳ್ಳ."

ಮೇಡಂ ಮುಂದಿನ ಫೈಲು ತೆಗೆದು ಕೊನೆಯ ಪುಟ ನೋಡಿದರು. ಆಮೇಲೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಇವನು ಅದನ್ನ ಬರೆದೇ ಇಲ್ವಲ್ಲಮ್ಮಾ. ಮೊದಲನೇದು ರೆಡ್ ಕ್ರಾಸ್ ಶಿಬಿರ. ಒಟ್ಟು ನಾಲ್ಕೇ ಇರೋದು."

ಇವರದು ನಾಲ್ಕು ಎಂದಿದ್ದ ಚಿನ್ನಸ್ವಾಮಿಯ ಮಾತು ಆಗ ನೆನಪಾಯಿತು. ಹೇಗೆ ಎದ್ದು ಹೊರಗೆ ಬಂದೆನೋ ಗೊತ್ತಿಲ್ಲ. ಬಾಗಿಲಲ್ಲಿ ಅವನು ಎದುರಾಗಿ, ಚೆನ್ನಾಗಾಯ್ತಾ ಎಂಬಂತೆ ಹುಬ್ಬೇರಿಸಿ ಒಳಗೆ ಹೋದ. ಹತ್ತು ನಿಮಿಷದಲ್ಲಿ ಹೊರಗೆ ಬಂದ.

"ಏನು ಕೇಳಿದ್ರು?"

"ನಿನ್ ಮಡಕೆ ಯಾರು ಮಾಡಿದ್ದು ಅಂದ್ರು. ಅವಳೇ ಅಂದೆ. ನೀನು ಸುಳ್ಳನಾ ಅಂದ್ರು. ಅವತ್ತು ಒಂದಿನ ಆಗಿದ್ದೆ ಅಂದೆ."

"ಯಾಕೆ ಬರೀಲಿಲ್ಲ?" ಕಾರಿಡಾರ್ ಎನ್ನುವುದನ್ನೂ ನೋಡದೆ ಕಿರುಚಿದೆ. "ಒಂಬತ್ತು ತಿಂಗಳಿಂದ ಈ ದಿನಕ್ಕೆ ಕಾಯ್ತಿದ್ದೆ. ನಿನ್ನ ಹಿಡಿದು ಹಾಕೋಣ ಅಂದ್ರೆ ಅದನ್ನೂ ಕಿತ್ಕೊಂಡ್ಯಲ್ಲೋ!"

"ನಂದಲ್ದೇ ಇರೋದನ್ನ ಹೆಂಗೆ ಬರೀಲಿ?" ಎಂದ. ಈ ಸಲ ರೆಪ್ಪೆ ಕೆಳಗಿಳಿಸಲಿಲ್ಲ. "ಅವತ್ತು ನಮ್ಮಪ್ಪ ಇಂದ್ಗಡೆ ನಿಂತಿತ್ತು ಸಹನಾ. ನನ್ನ ನೋಡಕ್ಕೆ ಅಂತ ಅದು ಬಂದಿದ್ದೇ ಅದೊಂದ್ಸಲ. ಒಸ ಶರ್ಟ್ ಆಕ್ಕೊಂಡಿತ್ತು. ಬಾಯಿಗೆ ಬಂದ್ಬುಡ್ತು."

ಜೂನ್ ಎರಡನೇ ವಾರ ಪತ್ರ ಬಂತು. ಸೀಟು ನನ್ನದು. ಅವನು ಕೃಷ್ಣಗಿರಿಯಲ್ಲಿ ಡಿಗ್ರಿಗೆ ಸೇರಿದ. ನನ್ನ ಸಿಟ್ಟು ಅರ್ಧ ಇಳಿದಿತ್ತು, ಉಳಿದರ್ಧಕ್ಕೆ ಲೆಕ್ಕ ಚುಕ್ತಾ ಆಗಬೇಕಿತ್ತು.

"ಯಾರ ಮುಂದೆ ಸುಳ್ಳು ಹೇಳಿದ್ಯೋ ಅವರ ಮುಂದೆ ನಿಜ ಹೇಳು," ಎಂದೆ. "ನಾನು ನೋಡಬೇಕು."

ಭಾನುವಾರ ಕೆಲಮಂಗಲದಲ್ಲಿ ಇಳಿದು ಅವರ ಮನೆಗೆ ಹೋದೆ. ಸರ್ಟಿಫಿಕೇಟು ದೇವರ ಪಟದ ಪಕ್ಕದಲ್ಲೇ ಇತ್ತು, ಅದಕ್ಕೂ ಕುಂಕುಮ ಇಟ್ಟಿದ್ದರು. ಅವನ ಅಮ್ಮ ಕಮಲಮ್ಮ ಕಾಫಿ ಕೊಟ್ಟರು. ಅಪ್ಪ ರಾಮಕೃಷ್ಣಪ್ಪ ತೋಟದಿಂದ ಬಂದು ಟವಲಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು. ಯತಿರಾಜ ಅವರೆದುರು ನಿಂತು ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟ. ಅವನ ಧ್ವನಿ ನಡುಗುವುದನ್ನು ಕೇಳಿದಾಗ ನನಗೆ ಸಿಗಬೇಕಾಗಿದ್ದ ಖುಷಿ ಸಿಗಲಿಲ್ಲ.

ರಾಮಕೃಷ್ಣಪ್ಪ ಗೋಡೆಯ ಸರ್ಟಿಫಿಕೇಟು ನೋಡಿದರು.

"ಅಂಗಾರೆ ನೀನೇನ್ಲಾ ಮಾಡ್ದೆ?"

"ಮಡಕೆ ಒತ್ಕೊಂಡ್ ಬಂದೆ. ಮರಳು ಜರಡಿ ಆಡ್ದೆ."

"ಅದು ಒಂದ್ ದಿವ್ಸದ ಕೆಲ್ಸ. ಅನ್ನೊಂದ್ ದಿವ್ಸ ದನಕ್ಕೆ ನೀರೂ ತೋರಿಸ್ದೆ ಆ ಮಡಕೆ ಮುಂದೆ ಕುಂತಿದ್ಯಲ್ಲಾ?"

"ಮಡಕೆ ಮುಂದೆ ಅಲ್ಲಪ್ಪಾ," ಎಂದ ಯತಿರಾಜ. "ಇವಳ ಮುಂದೆ ಕುಂತಿದ್ದೆ."

ಕಮಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅವನು ತಲೆತಗ್ಗಿಸುವುದನ್ನು ನೋಡಲೆಂದು ಬಂದವಳು ನಾನೇ ತಲೆತಗ್ಗಿಸಿ ಕಾಫಿ ಲೋಟದೊಳಗೆ ನೋಡುತ್ತಿದ್ದೆ.

ರಾಮಕೃಷ್ಣಪ್ಪ ಎದ್ದು ಹೋಗಿ ಕಟ್ಟನ್ನು ಕೆಳಗಿಳಿಸಿದರು. ಯತಿರಾಜ ಮೊಳೆ ಕೀಳಲು ಹೋದ.

"ಅದನ್ಯಾಕ್ಲಾ ಕೀಳ್ತೀಯ? ಅಂಗೇ ಇರ್ಲಿ," ಎಂದು ಅವರು ನನ್ನ ಕಡೆ ತಿರುಗಿದರು. "ನಿಂದು ತಂದು ಆಕಮ್ಮಾ. ಈ ಮನೇಲಿ ಮಾಡಿದ್ದಲ್ವಾ?"

ಅವನು ನನ್ನನ್ನೇ ನೋಡುತ್ತಿದ್ದ. ಆ ಹಾಳು ರೆಪ್ಪೆ.

"ತರ್ತೀನಿ ಮಾವ," ಎಂದೆ. ಮಾವ ಎಂದು ಅದು ಹೇಗೆ ಬಾಯಿಗೆ ಬಂತೋ. ಬಂದ ಮೇಲೆ ವಾಪಸ್ ತೆಗೆದುಕೊಳ್ಳುವ ಹುಡುಗಿ ನಾನಲ್ಲ. "ಆದ್ರೆ ಈಗಲ್ಲ. ನನ್ ಡಿಗ್ರಿ ಮುಗೀಲಿ. ಮೂರು ವರ್ಷ ಆ ಮೊಳೆ ಖಾಲೀನೇ ಇರ್ಲಿ, ಇವನು ದಿನಾ ಎದ್ದು ಅದನ್ನೇ ನೋಡ್ಲಿ."

"ನೋಡ್ತೀನಿ," ಎಂದ ಯತಿರಾಜ.