ಗುಳ್ಳೆ ಬಾರದ ಜಾಡಿ

ಆ ಬೆಳಿಗ್ಗೆ ಗಣಿಯ ಕಾಂಪೌಂಡರನಿಗೆ ಸಿಟ್ಟು ಬರಲು ಎರಡು ಕಾರಣಗಳಿದ್ದವು. ಒಂದು, ಆಸ್ಪತ್ರೆಯ ಬಾಗಿಲು ತೆರೆಯುವ ಮೊದಲೇ ಬೋರಿಂಗ್ ಮೇಸ್ತ್ರಿ ಹುಬ್ಬು ಸೀಳಿಕೊಂಡು ಬಂದು ನಿಂತಿದ್ದ. ಎರಡು, ಅವನಿಗೆ ಪಟ್ಟಿ ಕಟ್ಟಿ ದೀಪದತ್ತೆಯ ಮನೆಗೆ ಬಂದು ಚಹಾದ ಲೋಟ ಬಾಯಿಗಿಡುವಷ್ಟರಲ್ಲಿ, ಅದೇ ಮೇಸ್ತ್ರಿಯ ಮಗಳು ಅಳುಮೋರೆ ಹೊತ್ತು ಒಳಗೆ ಬಂದಳು.

ದೀಪದತ್ತೆ ಕಾಂಪೌಂಡರನಿಗೆ ಸೋದರತ್ತೆ. ಗಣಿಗಿಳಿಯುವವರಿಗೆ ದೀಪ ಕೊಡುವ ದೀಪದ ಕೋಣೆಯನ್ನು ಮೂವತ್ತು ವರ್ಷ ನೋಡಿಕೊಂಡವಳು. ನಿವೃತ್ತಿಯಾದರೂ ಅದರ ಹಿಂದಿನ ಮನೆ ಬಿಟ್ಟಿರಲಿಲ್ಲ. ಕಳವಾಗಲಿ, ಮೋಸವಾಗಲಿ, ಗಣಿಯವರು ಪೊಲೀಸರಿಗಿಂತ ಮೊದಲು ಅವಳ ಕದ ತಟ್ಟುತ್ತಿದ್ದರು.

ಹುಡುಗಿಯದು ಅನಿಲ ಅಳೆಯುವ ಕೆಲಸ. ಹೊಸ ಪದರದಿಂದ ಅವಳಪ್ಪ ಕೊರೆದು, ಡಬ್ಬಿಯಲ್ಲಿ ಟೇಪು ಸುತ್ತಿ ತಂದ ಕಲ್ಲಿದ್ದಲಿನ ತುಂಡನ್ನು ಬಿಗಿಮುಚ್ಚಳದ ಜಾಡಿಗೆ ಹಾಕಿ, ಅದರ ಕೊಳವೆಯಿಂದ ನೀರಿನಲ್ಲಿ ಎಷ್ಟು ಗುಳ್ಳೆ ಏಳುತ್ತದೆಂದು ಬರೆದಿಡುತ್ತಿದ್ದಳು.

"ಅತ್ತೆ, ಮೊನ್ನೆ ಸಂಜೆ ಬುಳುಬುಳು ಅಂತಿತ್ತು. ನಿನ್ನೆ ನೋಡಿದ್ರೆ ಒಂದು ಗುಳ್ಳೇನೂ ಇಲ್ಲ. ಐದು ದಿನನಾದ್ರೂ ಬರ್ಬೇಕಿತ್ತು. ಹೇಳಿದ್ರೆ ಮ್ಯಾನೇಜರ್ ಸಾಹೇಬ್ರು ನನ್ನ ಕಣ್ಣೇ ಸರಿಯಿಲ್ಲ ಅಂದು ಪದರಕ್ಕೆ ಒಪ್ಪಿಗೆ ಕೊಟ್ಬಿಟ್ರು. ಎರಡು ಗಂಟೆ ಪಾಳಿಗೆ ನಲವತ್ತು ಜನ ಇಳೀತಾರೆ. ಎಲ್ಲರಿಗಿಂತ ಮುಂದೆ ನಮ್ಮಪ್ಪ."

"ಜಾಡಿ ಕೋಣೆ ಬೀಗದ ಕೈ ಯಾರ್ಯಾರ ಹತ್ರ ಇದೆ?"

"ನನ್ನ ಹತ್ರ, ಸಾಹೇಬ್ರ ಹತ್ರ, ಸ್ಟೋರಿನವ್ರ ಹತ್ರ, ಅಪ್ಪನ ಹತ್ರ."

ಕಾಂಪೌಂಡರನಿಗೆ ಮ್ಯಾನೇಜರ್ ಮೇಲೇ ಅನುಮಾನ. ಪದರ ತೆರೆಯಲು ಆ ಮನುಷ್ಯ ಒಂದು ವಾರದಿಂದ ತುದಿಗಾಲಲ್ಲಿ ನಿಂತಿದ್ದ.

ಜಾಡಿ ಕೋಣೆಗೆ ಹೋಗಿ, ಜಾಡಿಯ ತುಂಡನ್ನು ದೀಪದತ್ತೆ ಕಿಟಕಿಯ ಬೆಳಕಿಗೆ ಹಿಡಿದಳು. ಬಿರುಕುಗಳಲ್ಲಿ ತುಕ್ಕಿನ ಬಣ್ಣವಿತ್ತು. ಬಾಗಿಲಲ್ಲಿ ನಿಂತಿದ್ದ ಸ್ಟೋರಿನವನನ್ನು ಕೇಳಿದಳು, "ಪರೀಕ್ಷೆ ಮುಗಿದ ಮೇಲೆ ಇದು ಎಲ್ಲಿಗೆ ಹೋಗುತ್ತೆ?"

"ಕೊರೆದ ತುಂಡುಗಳ ಪೆಟ್ಟಿಗೇಲಿ ಅದರ ಜಾಗಕ್ಕೇ. ಅಳತೆ ನಾನೇ ನೋಡ್ತೀನಿ. ಬೆರಳಷ್ಟು ಹೆಚ್ಚುಕಮ್ಮಿ ಆದ್ರೂ ಬಿಡಲ್ಲ," ಎಂದ ಅವನು, ತನ್ನ ಮೇಲೇ ಕಳ್ಳತನ ಹೊರಿಸಿದಳೇನೋ ಎಂಬಂತೆ ಅವಳನ್ನು ದುರುಗುಟ್ಟಿ ನೋಡುತ್ತ.

ಹೊರಗೆ ಬಂದರೂ ಕಾಂಪೌಂಡರನ ಗೊಣಗಾಟ ನಿಂತಿರಲಿಲ್ಲ. "ಈ ಮೇಸ್ತ್ರಿ ಬೇರೆ. ಬಾಗಿಲ ಚೌಕಟ್ಟು ತಗಲ್ತಂತೆ. ಗಾಯ ನೋಡಿದ್ರೆ ಬಳೆ ಚೂರಿನ ಹಾಗೆ ಬಾಗಿದೆ. ಚೌಕಟ್ಟು ಯಾವಾಗ ದುಂಡಗಾಯ್ತೋ."

ಅತ್ತೆ ನಡೆಯುತ್ತಿದ್ದವಳು ನಿಂತೇಬಿಟ್ಟಳು. "ಇದನ್ನ ಈಗ ಬಾಯಿ ಬಿಡ್ತಿದ್ದೀಯಲ್ಲೋ, ಮಹಾರಾಯ."

ಒಂದೂವರೆಗೆ ಎಲ್ಲರೂ ದೀಪದ ಕೋಣೆಯಲ್ಲಿ ಸೇರಿದರು. ಮ್ಯಾನೇಜರ್ ಗಡಿಯಾರ ನೋಡಿಕೊಳ್ಳುತ್ತಿದ್ದ. ಮೇಸ್ತ್ರಿ ಆಗಲೇ ಗಣಿಗಿಳಿಯುವ ಬಟ್ಟೆ ತೊಟ್ಟಿದ್ದ. ಯಾರೂ ಯಾರ ಮುಖವನ್ನೂ ನೇರವಾಗಿ ನೋಡಲಿಲ್ಲ.

"ನೆಲದೊಳಗಿನ ಒತ್ತಡಕ್ಕೆ ಕಲ್ಲಿದ್ದಲು ತನ್ನ ಮೈಯೊಳಗೆಲ್ಲ ಅನಿಲ ಹೀರ್ಕೊಂಡು ಕೂತಿರುತ್ತೆ," ಎಂದು ಅತ್ತೆ ಶುರುಮಾಡಿದಳು. "ಮೇಲೆ ತಂದ್ರೆ ಒತ್ತಡ ಹೋಗುತ್ತೆ, ಮುಚ್ಚಳ ತೆಗೆದ ಸೋಡಾದ ಹಾಗೆ ನಿಧಾನಕ್ಕೆ ಬಿಡುತ್ತೆ. ಜಾಡೀಲಿರೋದು ತುಕ್ಕು ಹಿಡಿದ ಹಳೇ ತುಂಡು, ಬಿಡೋದನ್ನೆಲ್ಲ ಯಾವತ್ತೋ ಬಿಟ್ಟಿದೆ. ಅಂದ್ಮೇಲೆ ಯಾರೋ ಬದಲಾಯಿಸಿದ್ದಾರೆ. ಆದ್ರೆ ನಿಜವಾದ ತುಂಡನ್ನ ಬಿಸಾಕೋ ಹಾಗಿಲ್ಲ, ಸ್ಟೋರಿನವ್ರು ಅಳತೆ ಹಿಡೀತಾರೆ. ಹಾಗಾಗಿ ಬಚ್ಚಿಡ್ಬೇಕು. ತುಂಡು ಕೈಗೆ ಬಂದ ಕೂಡ್ಲೇ ಡಬ್ಬಿಗೆ ಹಾಕಿ, ಗಾಳಿಯಾಡದ ಹಾಗೆ ಟೇಪು ಸುತ್ತೋದು ಯಾರ ರೂಢಿ? ಸಾಹೇಬ್ರದಲ್ಲ. ಸ್ಟೋರಿನವ್ರದೂ ಅಲ್ಲ. ಬಚ್ಚಿಡೋವಾಗ್ಲೂ ಆ ಕೈ ರೂಢಿ ಬಿಡಲಿಲ್ಲ. ಬೆಳಿಗ್ಗೆ ತುಂಡು ವಾಪಸ್ ಇಡೋಕೆ ಅಂತ ಟೇಪು ಬಿಚ್ಚಿದ್ರೆ, ಒಳಗೆ ತುಂಬಿದ್ದ ಅನಿಲಕ್ಕೆ ದುಂಡು ಮುಚ್ಚಳ ಸಿಡಿದು ಹುಬ್ಬಿಗೇ ಬಡೀತು."

ಮೇಸ್ತ್ರಿ ಪಟ್ಟಿಯ ಮೇಲೆ ಕೈಯಿಟ್ಟುಕೊಂಡ. ಮಗಳು ಅಪ್ಪನನ್ನೇ ನೋಡುತ್ತಿದ್ದಳು.

ಅವನ ಕಪಾಟಿನಲ್ಲಿ ಡಬ್ಬಿ ಸಿಕ್ಕಿತು. ಮತ್ತೆ ಟೇಪು ಸುತ್ತಿತ್ತು, ಮುಚ್ಚಳ ಮತ್ತೆ ಉಬ್ಬಿತ್ತು. ಅತ್ತೆ ಹಳೆಯ ಜಾಲರಿ ದೀಪವೊಂದನ್ನು ಹಚ್ಚಿ ಅದರ ಮೇಲೆ ಹಿಡಿದು, ಟೇಪನ್ನು ಸ್ವಲ್ಪ ಸಡಿಲಿಸಿದಳು. ಬುಸ್ಸೆಂದಿತು. ಜಾಲರಿಯೊಳಗಿನ ಹಳದಿ ಜ್ವಾಲೆಯ ಮೇಲೆ ತೆಳುವಾದ ನೀಲಿ ಟೊಪ್ಪಿ ಎದ್ದಿತು. ಅದು ಗಣಿಯನ್ನೇ ಸಿಡಿಸುವ ಅನಿಲದ ಗುರುತೆಂದು ಅಲ್ಲಿದ್ದವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಮ್ಯಾನೇಜರ್ ತಾನು ಸಹಿ ಹಾಕಿದ ಒಪ್ಪಿಗೆಯ ಕಾಗದವನ್ನು ಹರಿದ.

"ಆ ಪದರ ಹುಡುಕಿದೋನು ನಾನು," ಎಂದ ಮೇಸ್ತ್ರಿ. "ಅನಿಲ ಇದೆ ಅಂದ್ರೆ ವರ್ಷ ಮುಚ್ಚಿಡ್ತಾರೆ. ಮುಂದಿನ ತಿಂಗಳು ನಾನು ನಿವೃತ್ತಿ. ಅದಕ್ಕೆ ಬೀಳೋ ಮೊದಲ ಗುದ್ದಲಿ ಏಟು ನನ್ನದೇ ಆಗ್ಲಿ ಅನ್ನಿಸ್ತು. ಕೊರೆಯೋವಾಗ ನನ್ನ ಮೂಗಿಗೆ ಏನೂ ಬಡೀಲಿಲ್ಲಮ್ಮ."

"ಅದಕ್ಕೆ ವಾಸನೇನೇ ಇಲ್ಲ ಅಪ್ಪ."

"ಮೋಸ ಮಾಡಿ ಮನೇಲಿ ಕೂತಿರ್ತಿರಲಿಲ್ಲ. ಮುಂದೆ ನಾನೇ ಇಳೀತಿದ್ದೆ."

"ನಿಮ್ಮ ಹಿಂದೆ ಮೂವತ್ತೊಂಬತ್ತು ಜನ ಇಳೀತಿದ್ರು," ಎಂದಳು ಅತ್ತೆ. ಅವಳ ದನಿ ಅಷ್ಟು ಗಡುಸಾದದ್ದನ್ನು ಕಾಂಪೌಂಡರ್ ಹಿಂದೆಂದೂ ಕೇಳಿರಲಿಲ್ಲ.

ಗಣಿಗಿಳಿಯುವವರು ತಮ್ಮ ಹಿತ್ತಾಳೆ ಬಿಲ್ಲೆಯನ್ನು ಹಲಗೆಯಿಂದ ತೆಗೆದುಕೊಂಡು ಹೋಗುವುದು ಅಲ್ಲಿನ ಪದ್ಧತಿ. ಮೇಸ್ತ್ರಿ ತನ್ನದನ್ನು ಎಲ್ಲರಿಗಿಂತ ಮೊದಲೇ ತೆಗೆದು ಜೇಬಿಗಿಳಿಸಿದ್ದ. ಮಗಳು ಅಪ್ಪನ ಮುಂದೆ ಕೈ ಚಾಚಿದಳು. ಅವಳ ಕೆನ್ನೆ ಒದ್ದೆಯಾಗಿತ್ತು. ಅವನು ಜೇಬಿನಿಂದ ಬಿಲ್ಲೆ ತೆಗೆದು ಕೊಟ್ಟ. ಅವಳು ಅದನ್ನು ಅದರ ಮೊಳೆಗೆ ಸಿಕ್ಕಿಸಿದಳು.

ಎರಡು ಗಂಟೆಯ ಸೈರನ್ ಕೂಗಿದಾಗ ಕಾಂಪೌಂಡರ್ ಸುಮ್ಮನೆ ಹಲಗೆಯ ಮೇಲಿನ ಬಿಲ್ಲೆಗಳನ್ನು ಎಣಿಸಿದ. ನಲವತ್ತೂ ಅಲ್ಲೇ ಇದ್ದವು.